ದೇವರಿಗಿಂತ ಮೊದಲು ಮೂಸಬಾರದು

ಆರ್ಕಿಡ್ ಗಿಡ ಕೊರಿಯರ್‌ನಲ್ಲಿ ಬಂದ ದಿನವೇ ಅವ್ವ ತೀರ್ಪು ಕೊಟ್ಟುಬಿಟ್ಟಳು. ಮರದ ತುಂಡಿಗೆ ಕಟ್ಟಿದ ಒಂದಷ್ಟು ಎಲೆ, ಗಾಳಿಯಲ್ಲಿ ಜೋತಾಡುವ ಬೇರು. ಮಣ್ಣೇ ಇಲ್ಲ.

"ಹೊಸಪೇಟಿ ಬಿಸಲಾಗ ಮನಷ್ಯಾರು ಬದುಕೂದ ಕಷ್ಟ ಐತಿ. ಇದು ಬದುಕ್ತೈತೇನು?"

ಬದುಕುತ್ತದೆ, ಹೂ ಬಿಡುತ್ತದೆ, ಆ ಹೂವು ಘಮಘಮ ಅನ್ನುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಸಾಬೀತು ಮಾಡಲಾಗದ ಮಾತು ಆಡಬಾರದು, ಆಡಿದ ಮೇಲೆ ಹಿಂದೆ ಸರಿಯಬಾರದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಇಷ್ಟು.

ಒಳ್ಳೆಯ ಬೆಳಕು ಬೀಳುವುದು ಹಾಲ್‌ನಲ್ಲಿ ಕೂಲರ್ ಪಕ್ಕದ ಕಿಟಕಿಗೆ ಮಾತ್ರ. ಅಲ್ಲಿ ಅವ್ವನ ಮಲ್ಲಿಗೆ ಕುಂಡ ಇತ್ತು. ಅವಳು ಅದನ್ನು ಮಾಳಿಗೆ ಮೆಟ್ಟಿಲಿಗೆ ಸಾಗಿಸಿ ಷರತ್ತು ಹಾಕಿದಳು: "ವಾಸನಿ ಇಲ್ಲದ ಹೂವು ಬಿಡ್ತಂದ್ರ ನಿನ್ ಗಿಡ ಹೊರಗ, ನನ್ ಮಲ್ಲಿಗಿ ಒಳಗ."

ಒಪ್ಪಿದೆ. ಬೋರ್ ನೀರು ಬೇರಿನ ಮೇಲೆ ಬಿಳಿ ಪೊರೆ ಕಟ್ಟುತ್ತಿತ್ತು. ಫಿಲ್ಟರ್ ನೀರಿನ ಬಕೆಟ್‌ನಲ್ಲಿ ಅದ್ದತೊಡಗಿದೆ. ಸಂಡೂರು ರಸ್ತೆಯ ಲಾರಿಗಳು ಎಬ್ಬಿಸುವ ಕೆಂಪು ಧೂಳನ್ನು ಸಂಜೆಗೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದೆ. ಬೇಸಿಗೆಯಲ್ಲಿ ಒಂದು ಎಲೆ ಹಳದಿಯಾಗಿ ಉದುರಿದಾಗ ಪಕ್ಕದ ಮನೆಯ ಕಾಕು ಬಾಗಿಲಲ್ಲೇ ನಿಂತು, "ಮುಗೀತು ಬಿಡವ್ವಾ, ಮಣ್ಣು ಕೊಡೂದೊಂದ ಬಾಕಿ" ಅಂದಳು. ಉಳಿದ ಎಲೆಗಳನ್ನು ಒರೆಸುತ್ತಲೇ ಇದ್ದೆ.

ಚಳಿಗಾಲಕ್ಕೆ ಗೊಂಚಲು ಇಳಿಯಿತು. ನರಿಬಾಲದ ಹಾಗೆ ತುಂಬಿಕೊಂಡ ಬಿಳಿ ಹೂಗಳು, ಮೇಲೆ ನೇರಳೆ ಚುಕ್ಕಿ. ಬೆಳಗ್ಗೆ ಎದ್ದ ಕೂಡಲೇ ಮೂಸಿದರೆ ಏನೂ ಇಲ್ಲ. ಬಿಸಿಲು ಏರಿ ಕಿಟಕಿ ಬೆಚ್ಚಗಾದ ಮೇಲೆ ಮತ್ತೆ ಮೂಸಿದೆ. ನಿಂಬೆ ಸಿಪ್ಪೆಯ ಜೊತೆ ಏಲಕ್ಕಿ ಜಜ್ಜಿದಂಥ ವಾಸನೆ.

"ಅವ್ವಾ, ಬಾ. ಮೂಸಿ ನೋಡು."

ಅವ್ವ ಒಂದು ಮಾರು ದೂರದಲ್ಲೇ ನಿಂತಳು. "ಮೂಸಂಗಿಲ್ಲ. ಮನ್ಯಾಗ ಬಿಟ್ಟ ಮೊದಲ್ನೇ ಹೂವು ದೇವ್ರದು. ಮೂಸಿದ್ರ ಎಂಜಲಾತು."

"ನಾ ಆಗ್ಲೇ ಮೂಸೀನಿ."

"ನೀ ದೇವ್ರನ್ನ ನಂಬಂಗಿಲ್ಲ. ನಿಂದು ಲೆಕ್ಕಕ್ಕಿಲ್ಲ. ಕೊಯ್ದು ಕೊಡು, ಲಿಂಗಕ್ಕ ಏರಿಸ್ತೀನಿ, ಆಮ್ಯಾಲ ಮೂಸ್ತೀನಿ."

ಗಿಡದ ಮೇಲೆ ವಾರಗಟ್ಟಲೆ ನಿಲ್ಲುವ ಗೊಂಚಲು ಅದು. ವರ್ಷಕ್ಕೆ ಒಂದೇ. ಕೊಯ್ಯುವುದಿಲ್ಲ ಅಂದೆ. ಹಾಗಾದರೆ ಮೂಸುವುದಿಲ್ಲ ಅಂದಳು. ಮೂಸದೆ ತೀರ್ಪಿಲ್ಲ, ತೀರ್ಪಿಲ್ಲದೆ ಕಿಟಕಿಯಿಲ್ಲ. ಅವ್ವ ಎರಡು ಸಲ ಮಾಳಿಗೆ ಮೆಟ್ಟಿಲಿಗೆ ಹೋಗಿ ಮಲ್ಲಿಗೆಯನ್ನು ನೋಡಿ ಬಂದಳು, ನನಗೆ ಕಾಣುವಂತೆ.

ರಾತ್ರಿ ಅವ್ವ ರೊಟ್ಟಿ ಬಡಿಯುವಾಗ ಕೇಳಿದೆ: "ಬನ್ನಿ ಗಿಡಕ್ಕ ಪೂಜಿ ಮಾಡೂ ಮುಂದ ಕಡದು ಮನಿಗೆ ತರ್ತೀಯೇನು?"

"ಬನ್ನಿ ದೇವ್ರು. ಇದು ಹೂವು."

"ಹೂವು ಲಿಂಗಕ್ಕ ಮುಟ್ಟಿದ್ರ ಸಾಕಲ್ಲ. ಕೊಯ್ದಿರಬೇಕು ಅಂತ ಯಾರು ಹೇಳ್ಯಾರ? ಗಿಡಾನ ದೇವ್ರ ಜಗಲಿಗೆ ಒಯ್ಯೂಣು."

ತಟ್ಟುವ ಕೈ ನಿಂತಿತು. ರೊಟ್ಟಿಯ ಅಂಚು ಸೀಳಿತು. ಅದನ್ನು ಒತ್ತಿ ಕೂಡಿಸಿದ ಮೇಲೆ ಅಂದಳು: "ಆತು. ಆದ್ರ ಬೆಳಸಿದಾಕಿ ನೀನ ಏರಿಸ್ಬೇಕು."

ದೇವರ ಜಗಲಿಯ ಮುಂದೆ ನಾನು ಕೂತು ವರ್ಷಗಳಾಗಿದ್ದವು. ಕೂರುವುದಿಲ್ಲ ಎಂದು ಇದೇ ಅಡುಗೆಮನೆಯಲ್ಲಿ ವಾದ ಮಾಡಿ ಗೆದ್ದವಳು ನಾನೇ. ಆ ಗೆಲುವು ದೊಡ್ಡದೋ, ಗಿಡ ದೊಡ್ಡದೋ? ಕೂರುತ್ತೇನೆ ಅಂದೆ. ನಂಬುತ್ತೇನೆ ಅನ್ನಲಿಲ್ಲ, ಅವ್ವ ಅದನ್ನು ಕೇಳಲೂ ಇಲ್ಲ. ನನ್ನ ಷರತ್ತುಗಳನ್ನೂ ಇಟ್ಟೆ: ಪೂಜೆ ಬಿಸಿಲೇರಿದ ಮೇಲೆ, ಊದಿನಕಡ್ಡಿ ಹಚ್ಚುವಂತಿಲ್ಲ.

"ಊದಿನಕಡ್ಡಿ ಇಲ್ದ ಎಂಥಾ ಪೂಜಿಲೇ?"

"ಅದರ ವಾಸನ್ಯಾಗ ಸಾಕ್ಷಿ ಕೆಡ್ತೈತಿ."

"ಬಿಸಲೇರೂ ತನಕಾ ನಾ ಚಾ ಕುಡೀದ ಇರಬೇಕು, ಗೊತ್ತೈತಿಲ್ಲ?" ಪೂಜೆಯಾಗದೆ ಅವಳು ನೀರಿನ ಹೊರತು ಏನನ್ನೂ ಬಾಯಿಗೆ ಹಾಕುವವಳಲ್ಲ.

"ನಾನೂ ಕುಡಿಯಂಗಿಲ್ಲ."

ಮರುದಿನ ಇಬ್ಬರೂ ಚಹಾ ಇಲ್ಲದೆ ಕಿಟಕಿಯ ಬಿಸಿಲು ಕಾಯುತ್ತಾ ಕೂತೆವು. ವಾಸನೆ ಏಳತೊಡಗಿತು ಅನ್ನಿಸಿದಾಗ ಮರದ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಜಗಲಿಗೆ ಒಯ್ದೆ. ಗೊಂಚಲಿನ ತುದಿ ಲಿಂಗಕ್ಕೆ ತಾಗಿತು.

"ಕಣ್ಣು ಮುಚ್ಚು" ಅಂದಳು ಅವ್ವ.

ಮುಚ್ಚಲಿಲ್ಲ. ತೀರ್ಪು ಕೊಡುವವರ ಮುಖ ನೋಡದೆ ನಾನು ಯಾವ ಸ್ಪರ್ಧೆಯಲ್ಲೂ ನಿಂತವಳಲ್ಲ.

ಅವ್ವ ಬಗ್ಗಿದಳು. ಮೂಗು ಹೂವಿನ ಹತ್ತಿರ ಹೋಯಿತು, ನಿಂತಿತು. ನೆಟ್ಟಗಾದಳು. "ಮಲ್ಲಿಗಿಯಷ್ಟಿಲ್ಲ."

"ಅದನ್ನ ಕೇಳ್ಲಿಲ್ಲ. ಐತೋ ಇಲ್ಲೋ?"

"ಐತಿ."

ಹೇಳಿ ಮತ್ತೊಮ್ಮೆ ಬಗ್ಗಿದಳು. ಈ ಸಲ ಯಾರ ಪ್ರಶ್ನೆಗೂ ಅಲ್ಲ. ಆಮೇಲೆ ತುಂಡನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡು, ಗೊಂಚಲು ಬಾಗಿಲಿಗೆ ತಾಗದಂತೆ ಅಡ್ಡವಾಗಿ ನಡೆದು, ಕಿಟಕಿಯ ಕೊಕ್ಕೆಗೆ ಸಿಕ್ಕಿಸಿದಳು.

"ಚಾ ಇಡು ಹೋಗು, ವಕೀಲವ್ವಾ. ತಲಿ ಸಿಡಿಯಾಕತ್ತೈತಿ."