ಕುರ್ಚಿಗೆ ಒರಗದ ಅಪ್ಪ

ಬೊರಿವಲಿಯ ಮಾಲ್ ಒಂದರಲ್ಲಿ ಜಪಾನಿನ ಕಂಪನಿಯೊಂದರ ಮಸಾಜ್ ಕುರ್ಚಿಗಳ ಅಂಗಡಿಯಿದೆ. ಬಂದವರನ್ನು ಕೂರಿಸಿ ತೋರಿಸುವುದು ನನ್ನ ಕೆಲಸ. ಹದಿನೈದು ನಿಮಿಷ ಕೂತು ಎದ್ದವರ ಮುಖ ನೋಡುವುದು ನನಗೊಂದು ಹುಚ್ಚು. ಬಾಯಿ ಜೋರಿನವರು ಮೆತ್ತಗಾಗಿರುತ್ತಾರೆ. ಕೆಲವರು ಗೊರಕೆ ಹೊಡೆದು, ಎಬ್ಬಿಸಿದರೆ "ನಾನೆಲ್ಲಿ ಮಲಗಿದ್ದೆ?" ಎಂದು ನನ್ನ ಮೇಲೇ ರೇಗುತ್ತಾರೆ.

ದೀಪದ ಬುಡದಲ್ಲೇ ಕತ್ತಲೆ ನೋಡಿ. ಊರವರ ಬೆನ್ನೆಲ್ಲ ನೋಡುವ ನನಗೆ ಅಪ್ಪನ ಬೆನ್ನಿಗೆ ಏನಾಗಿದೆಯೆಂದು ಗೊತ್ತಿರಲಿಲ್ಲ. ಅವರು ಮಾಟುಂಗದ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವರು. ಮೂವತ್ತೈದು ವರ್ಷದಿಂದ ಕಾವಲಿಯ ಮುಂದೆ ನಿಂತವರು. ಈಚೆಗೆ ಅಂಗಿ ತೊಡುವಾಗ ಹಲ್ಲು ಕಚ್ಚುತ್ತಿದ್ದರು. "ಸಾಕಪ್ಪಾ, ಕೆಲಸ ಯಾವಾಗ ಬಿಡ್ತೀರಿ?" ಎಂದರೆ, "ನಂಗೆ ಎಂತದೂ ಇಲ್ಲ ಮಾರಾಯ್ತಿ, ಗುಂಡುಕಲ್ಲಿನ ಹಾಗೆ ಇದ್ದೇನೆ" ಎಂಬ ಒಂದೇ ಉತ್ತರ. ನನಗೆ ಸಿಟ್ಟು ಬರುತ್ತಿತ್ತು. ಅದಕ್ಕಿಂತ ಹೆಚ್ಚು ಹೆದರಿಕೆ.

ಅವರ ವಾರದ ರಜೆಯ ದಿನ ಪುಸಲಾಯಿಸಿ, ಕುರ್ಲಾದ ಮನೆಯಿಂದ ಹೊರಡಿಸಿ, ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಕರೆತಂದೆ. ಅಂಗಡಿಯಲ್ಲಿ ಅಂದು ಜಪಾನಿನಿಂದ ಬಂದ ಇಂಜಿನಿಯರ್ ಇದ್ದರು. ನರೆತ ತಲೆ, ಅಪ್ಪನದೇ ವಯಸ್ಸು. ಇಲ್ಲಿಯ ಜನ ಕುರ್ಚಿಗೆ ಪೂರ್ತಿ ಒರಗುವುದಿಲ್ಲವೇಕೆ ಎಂದು ತಿಳಿಯಲು ಬಂದಿದ್ದರು. ಬರುವ ಮೊದಲು ನಾಲ್ಕು ಹಿಂದಿ ಮಾತು ಕಲಿತಿದ್ದರಂತೆ.

ಅಪ್ಪ ಮಾಡಿದ ಮೊದಲ ಕೆಲಸವೆಂದರೆ, ಹೆಗಲ ಮೇಲಿನ ಬೈರಾಸು ತೆಗೆದು ಕುರ್ಚಿಯನ್ನು ಚೆನ್ನಾಗಿ ಒರೆಸಿದ್ದು. ಥೇಟ್ ಹೋಟೆಲಿನ ಮೇಜು ಒರೆಸಿದಂತೆ! ನನಗೆ ನಾಚಿಕೆಯಾಯಿತು.

"ಅಪ್ಪಾ, ಕೂತ್ಕೊಳ್ಳಿ."

"ಗಿರಾಕಿ ಕೂರುವ ಕುರ್ಚಿಯಲ್ಲಿ ನಾವು ಕೂರ್ಲಿಕ್ಕುಂಟಾ?"

ಬೈದು ಕೂರಿಸಿದೆ. ಲೋಕಲ್‌ನಲ್ಲಿ ಮೂವರ ಸೀಟಿಗೆ ನಾಲ್ಕನೆಯವರಾಗಿ ತೂರಿಕೊಂಡವರ ಹಾಗೆ ತುದಿಯಲ್ಲಿ ಕೂತರು. ಕುರ್ಚಿಯ ಒಳಗಿನ ಉರುಳೆಗಳು ಮೇಲೆ ಹೋದವು, ಕೆಳಗೆ ಬಂದವು. ಒರಗಿ, ಒರಗಿ ಎಂದು ಕುರ್ಚಿ ಇಂಗ್ಲಿಷಿನಲ್ಲಿ ಹೇಳತೊಡಗಿತು.

"ಎಂತದಂತೆ ಅದಕ್ಕೆ?"

"ನಿಮ್ಮ ಹೆಗಲು ಎಲ್ಲುಂಟು ಅಂತ ಹುಡುಕ್ತಾ ಉಂಟು."

ಅಪ್ಪನಿಗೆ ಕುತೂಹಲ ಹತ್ತಿಕೊಂಡಿತು. ಎದ್ದು ಕುರ್ಚಿಯ ಹಿಂದೆ ಹೋಗಿ ಬಗ್ಗಿ ನೋಡಿದರು. "ಒಳಗೆ ಕೈ ಉಂಟಾ? ಒತ್ತುವುದು ಅದಕ್ಕೆ ಕಲಿಸಿದ್ದು ಯಾರು? ಕೇಳು, ಕೇಳು."

ಕೇಳಿದೆ. ಇಂಜಿನಿಯರ್ ತಮ್ಮ ಹೆಬ್ಬೆರಳು ಎತ್ತಿ ತೋರಿಸಿದರು. ಎಷ್ಟೋ ವರ್ಷ ಕೈಯಲ್ಲೇ ಒತ್ತಲು ಕಲಿತು, ಆಮೇಲೆ ಮೆಷಿನ್ನಿಗೆ ಕಲಿಸಿದ್ದಂತೆ. ಅಪ್ಪನಿಗೆ ಖುಷಿಯೋ ಖುಷಿ.

"ಹಾಗಾದ್ರೆ ಸರಿ. ರುಬ್ಬಲಿಕ್ಕೆ ಗೊತ್ತಿಲ್ಲದವನಿಗೆ ಗ್ರೈಂಡರ್ ಕೊಟ್ರೂ ಹಿಟ್ಟು ಹಾಳೇ" ಎಂದು ಬಂದು ಕೂತು, ಈ ಸಲ ಪೂರ್ತಿ ಒರಗಿದರು.

ಉರುಳೆಗಳು ಹೆಗಲು ಮುಟ್ಟಿದವು. ಕುರ್ಚಿಗೆ ಜೋಡಿಸಿದ ಪರದೆಯ ಮೇಲೆ ಮೂಡಿದ ಚಿತ್ರದಲ್ಲಿ ಅಪ್ಪನ ಬಲ ಹೆಗಲು ಎಡಕ್ಕಿಂತ ಕೆಳಗಿತ್ತು. ಇಂಜಿನಿಯರ್ ತಟ್ಟನೆ ಕುರ್ಚಿಯನ್ನು ನಿಲ್ಲಿಸಿದರು. ಅಪ್ಪನಿಗೆ ಕೈಮುಗಿದು, ಬಲ ಹೆಗಲ ಹಿಂದೆ ಮೆಲ್ಲಗೆ ಹೆಬ್ಬೆರಳು ಇಟ್ಟರು.

"ಕಹಾಂ?" ಎಂದರು. ಎಲ್ಲಿ?

ಬೆರಳು ಸ್ವಲ್ಪ ಸರಿಸಿದರು. "ಕಹಾಂ?"

"ಅಯ್ಯೋ ದೇವರೇ, ಅಲ್ಲೇ!" ಅಪ್ಪ ಕಣ್ಣು ಮುಚ್ಚಿದರು. "ಎಂಟು ತಿಂಗಳಾಯ್ತು. ಕೈ ಎತ್ತಿದ್ರೆ ಜೀವ ಹೋಗ್ತದೆ. ಹಿಟ್ಟು ಹೊಯ್ಯುವಾಗ ಎಡಗೈಯಲ್ಲಿ ಬಲಗೈ ಹಿಡ್ಕೊಳ್ತೇನೆ." ಅಷ್ಟನ್ನೂ ಕನ್ನಡದಲ್ಲೇ ಹೇಳಿದರು, ಒಂದಕ್ಷರ ಕನ್ನಡ ಬಾರದ ಮನುಷ್ಯನಿಗೆ.

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ? ದಿನಾ ಕೇಳ್ತಿದ್ದೆನಲ್ಲ!"

ಅಪ್ಪ ಕಣ್ಣು ತೆರೆದು ನನ್ನನ್ನೇ ನೋಡಿದರು. ಸಿಟ್ಟೇನೂ ಇರಲಿಲ್ಲ.

"ಇವರು ಎಲ್ಲಿ ನೋವು ಅಂತ ಕೇಳಿದ್ರು, ಮಗಾ. ನೀನು ಕೇಳಿದ್ದು, ಕೆಲಸ ಯಾವಾಗ ಬಿಡ್ತೀರಿ ಅಂತ."

ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

"ಇನ್ನೆಲ್ಲಿ, ಅಪ್ಪಾ?"

ಅವರು ಮಂಡಿ ತೋರಿಸಿದರು.