ಕೆರೆ ಪಕ್ಕದ ಕರಿಗಾಣ

ನಮ್ಮ ಹೋಟೆಲು ಕುಶಾಲನಗರದಿಂದ ಶಿರಂಗಾಲಕ್ಕೆ ಹೋಗುವ ದಾರಿಯಲ್ಲಿದೆ. ಹೋಟೆಲಿನ ಹಿಂದೆ ಕೆರೆ, ಕೆರೆಯ ಆಚೆ ದಡದಲ್ಲಿ ಒಂದು ರಿಫೈನರಿ. ರಿಫೈನರಿ ಎಂದ ಕೂಡಲೇ ಕೆಲವರು ಸಮುದ್ರದಂಡೆಯ ದೊಡ್ಡ ದೊಡ್ಡ ಕೊಳವೆ, ಬೆಂಕಿ ಉಗುಳುವ ಚಿಮಣಿ ಎಲ್ಲ ನೆನೆಸಿಕೊಂಡು ನನ್ನ ಮುಖ ನೋಡುತ್ತಾರೆ. ಅಂಥದ್ದೇನೂ ಇಲ್ಲ. ಒಂದು ತಗಡಿನ ಶೆಡ್ಡು, ಒಂದು ಬಾಯ್ಲರ್, ಅಂಗಳದ ತುಂಬ ಡ್ರಮ್ಮುಗಳು, ಗೇಟಿನ ಮೇಲೆ ಶೆಡ್ಡಿಗಿಂತ ಗಂಭೀರವಾದ ಒಂದು ಬೋರ್ಡು. ಗ್ಯಾರೇಜುಗಳಲ್ಲಿ ಲಾರಿ, ಟ್ರಾಕ್ಟರುಗಳಿಂದ ಬಸಿದ ಹಳೇ ಆಯಿಲನ್ನು ಕೊಂಡು ತಂದು, ಕುದಿಸಿ, ಸೋಸಿ ಮತ್ತೆ ಉರಿಯುವ ಎಣ್ಣೆ ಮಾಡುವ ಜಾಗ ಅದು. ಊರವರು ಬೋರ್ಡು ಓದುವ ಕಷ್ಟ ತೆಗೆದುಕೊಳ್ಳದೆ ಅದನ್ನು ಕರಿಗಾಣ ಎಂದು ಕರೆದರು. ಅದರ ಮಾಲೀಕ ಸಾಹುಕಾರನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅವನೇ ಫೋನಿನಲ್ಲಿ ‘ಗಾಣದ ಹತ್ರ ಇದೀನಿ, ಬಾ’ ಎನ್ನತೊಡಗಿದ.

ನನ್ನ ಗಂಡ ಆ ಗಾಣದ ಪರಮಭಕ್ತ. ಅವರ ಹತ್ತಿರ ಡೀಸೆಲ್ ಪಂಪ್‌ಸೆಟ್ಟುಗಳಿವೆ; ಶುಂಠಿ ಬೆಳೆಯುವವರಿಗೆ, ಕಾಫಿಯವರಿಗೆ ಬಾಡಿಗೆಗೆ ಕೊಡುತ್ತಾರೆ. ಬೇಸಿಗೆಯ ಮೊದಲಿಗೆ ಹೂಮಳೆ ಬೀಳದಿದ್ದರೆ ಕಾಫಿ ಗಿಡ ಹೂ ಬಿಡುವುದಿಲ್ಲ. ಆಗ ಕೆರೆಯಿಂದಲೋ ಹೊಳೆಯಿಂದಲೋ ನೀರೆತ್ತಿ ಸ್ಪ್ರಿಂಕ್ಲರ್ ಹಾರಿಸಬೇಕು. ವರ್ಷವಿಡೀ ನಮ್ಮ ಫೋನ್ ಎತ್ತದ ಪಾಲಿಬೆಟ್ಟ ಕಡೆಯ, ಎಸ್ಟೇಟಿನ ಲೆಕ್ಕ ನೋಡುವ ರೈಟರ್‌ಗಳು ಆ ದಿನಗಳಲ್ಲಿ ‘ಊಟ ಆಯ್ತಾ, ಮನೆಯವರೆಲ್ಲ ಚೆನ್ನಾಗಿದಾರಾ’ ಎಂದು ನನ್ನ ಅತ್ತೆಯ ಮಂಡಿನೋವಿನವರೆಗೂ ವಿಚಾರಿಸುತ್ತಾರೆ. ಆದರೆ ಬಂಕಿನಲ್ಲಿ ಡೀಸೆಲ್ ಬೆಲೆ ಏರುತ್ತಲೇ ಹೋಗಿ, ಬಾಡಿಗೆಯ ದುಡ್ಡೆಲ್ಲ ಎಂಜಿನ್ನೇ ಕುಡಿಯತೊಡಗಿತ್ತು. ಗಾಣ ಶುರುವಾದ ಮೇಲೆ ಗಂಡನ ಮುಖಕ್ಕೆ ಕಳೆ ಬಂತು. ಎಸ್ಟೇಟುಗಳ ಕಾಫಿ ಒಣಗಿಸುವ ಯಂತ್ರಕ್ಕೆಂದು ಮಾರುವ ಎಣ್ಣೆಯನ್ನು ಇವರು ಬಂಕಿನ ಡೀಸೆಲ್ಲಿಗೆ ಬೆರೆಸಿ ಪಂಪಿಗೆ ಹಾಕುತ್ತಿದ್ದರು. ಎಂಜಿನ್ ಹಳೇ ಬೀಡಿ ಸೇದುವವನಂತೆ ಕೆಮ್ಮುತ್ತಿತ್ತು. ಆದರೂ ಓಡುತ್ತಿತ್ತು.

ನನ್ನ ವ್ಯವಹಾರ ಬೇರೆ. ನನ್ನ ಹೋಟೆಲಿಗೆ ಯಾರೂ ನನ್ನ ಮುಖ ನೋಡಲು ಬರುವುದಿಲ್ಲ, ಮುದ್ದೆಗೂ ಬರುವುದಿಲ್ಲ. ಕೆರೆ ಮೀನಿಗೆ ಬರುತ್ತಾರೆ. ಕಾಟ್ಲಾ ಸಾರು, ಜಿಲೇಬಿ ಮೀನಿನ ಫ್ರೈ. ಒಂದು ಮಧ್ಯಾಹ್ನ ಕರಿಕೆ ಕಡೆಯ ಮಲಯಾಳಿ ಪಿಕಪ್ ಡ್ರೈವರೊಬ್ಬ ಫ್ರೈ ತಿನ್ನುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ ತಟ್ಟೆಯನ್ನು ಮೂಗಿನ ಹತ್ತಿರ ಎತ್ತಿಕೊಂಡ.

‘ಚೇಚಿ, ಮೀನು ಯಾವ ಎಣ್ಣೇಲಿ ಹುರಿದದ್ದು?’

‘ಸನ್‌ಫ್ಲವರ್. ಯಾಕಪ್ಪ?’

‘ಅಲ್ಲ ಚೇಚಿ. ಇದು ನಾನು ಗಾಡಿಗೆ ಹಾಕುವ ಎಣ್ಣೆ.’

ಇಡೀ ಹೋಟೆಲು ನಕ್ಕಿತು. ನಾನೂ ನಕ್ಕೆ. ಅಡುಗೆಮನೆಗೆ ಹೋಗಿ ಒಂದು ತುಂಡು ಬಾಯಿಗೆ ಹಾಕಿಕೊಂಡ ಮೇಲೆ ನಗು ನಿಂತಿತು. ಹುಣಸೆಹಣ್ಣು, ಮೆಣಸು, ಬೆಳ್ಳುಳ್ಳಿ ಎಲ್ಲವನ್ನೂ ದಾಟಿಕೊಂಡು ನಾಲಿಗೆಯ ಹಿಂದೆ ಗ್ಯಾರೇಜಿನ ರುಚಿಯೊಂದು ಬಂದು ಕೂತಿತ್ತು.

ಅಂದು ಸಂಜೆ ಅತ್ತೆ ಕೆರೆಯಲ್ಲಿ ಎಮ್ಮೆ ಮೈ ತೊಳೆದುಕೊಂಡು ಬಂದವರು ಸೀರೆಯ ಅಂಚು ತೋರಿಸಿದರು. ಕಪ್ಪು ಜಿಡ್ಡು ಹತ್ತಿತ್ತು.

‘ಎಮ್ಮೆ ಹೆಂಗೂ ಕರೀದು, ಯಾರಿಗೆ ಗೊತ್ತಾಗುತ್ತೆ ಅನ್ಕೊಂಡವ್ನೆ ಆ ಗಾಣದವ್ನು. ನನ್ ಸೀರೆ ಬಿಳೀದಲ್ವೇನವ್ವ?’

ನಾನು ಮರುದಿನ ಕೆರೆಯ ಏರಿ ಸುತ್ತಿಕೊಂಡು ಆಚೆ ದಡಕ್ಕೆ ಹೋದೆ. ನೀರಿನ ಮೇಲೆ ಅಲ್ಲಲ್ಲಿ ಬಣ್ಣಬಣ್ಣದ ಪೊರೆ ಅಲುಗುತ್ತಿತ್ತು. ನೋಡಲು ಚೆಂದವಾಗಿಯೇ ಇತ್ತು, ಅದೇ ಅದರ ಪಾಪ. ಗಾಣದ ಹಿಂದಿನ ಗೋಡೆಯ ಬುಡದಲ್ಲಿ ಒಂದು ತೂತು, ಅಲ್ಲಿಂದ ಕೆರೆಗೆ ಇಳಿಯುವ ಸಣ್ಣ ಕಾಲುವೆ, ಕಾಲುವೆಯ ತುಂಬ ಡಾಂಬರಿನಂಥ ಕೆಸರು. ಡ್ರಮ್ಮು ತೊಳೆದ ನೀರೆಲ್ಲ ಅಲ್ಲಿಂದಲೇ ಇಳಿಯುತ್ತಿತ್ತು.

ಸಾಹುಕಾರ ನನ್ನ ಗಂಡನ ಜೊತೆ ಶಾಲೆಗೆ ಹೋದವನು, ಕೆಟ್ಟವನಲ್ಲ. ಕುರ್ಚಿ ಹಾಕಿಸಿದ, ಟೀ ತರಿಸಿದ.

‘ಅಕ್ಕಾ, ಅದು ಮಳೆ ನೀರು ಹೋಗೋ ತೂತು,’ ಎಂದ.

‘ಮಳೆ ಎಲ್ಲಪ್ಪ ಬಂತು? ನಿನ್ನ ಗಾಣದೊಳಗೆ ಮಾತ್ರ ಬರುತ್ತಾ?’

ಅವನು ನಕ್ಕು, ಮಾತು ತಿರುಗಿಸಿದ. ಗಾಣ ದೊಡ್ಡದು ಮಾಡುತ್ತಾನಂತೆ. ಇನ್ನೊಂದು ಬಾಯ್ಲರ್, ಇನ್ನೊಂದು ಶೆಡ್ಡು. ಊರಿನ ಹುಡುಗರಿಗೆ ಕೆಲಸ, ಎಣ್ಣೆ ಇನ್ನೂ ಅಗ್ಗ. ಕೆರೆ ಏರಿಯ ಮೇಲೆ ಕೂರಲು ಸಿಮೆಂಟಿನ ಬೆಂಚು ಹಾಕಿಸುತ್ತಾನಂತೆ.

‘ಬೆಂಚಲ್ಲಿ ಕೂತು ಏನು ನೋಡೋದು?’

‘ಕೆರೆ ನೋಡೋದು ಅಕ್ಕಾ,’ ಎಂದ, ಒಂದಿಷ್ಟೂ ಸಂಕೋಚವಿಲ್ಲದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಗಾಣವನ್ನು ನನ್ನಿಂದ ಕಾಪಾಡುವುದೇ ತಮ್ಮ ಜನ್ಮಕ್ಕೆ ಬಂದ ಕೆಲಸವೆಂಬಂತೆ ಎದ್ದು ಕೂತರು.

‘ನೋಡು ಕಣೇ, ಮೀನು ಸಮುದ್ರದಿಂದನೂ ಬರುತ್ತೆ. ಡೀಸೆಲ್ಲು ಆಕಾಶದಿಂದ ಬೀಳುತ್ತಾ?’

‘ನಿಮ್ಮ ಪಂಪಿಗೆ ನೀರು ಎಲ್ಲಿಂದ ಬರುತ್ತೆ? ಅದೇ ಕೆರೆಯಿಂದ ತಾನೆ? ಆ ಎಣ್ಣೆ ನೀರು ಶುಂಠಿಗೆ ಬಿಟ್ಟು, ಶುಂಠಿ ಕೊಳೀತು ಅಂದ್ರೆ ಯಾರನ್ನ ಹಿಡೀತಾರೆ?’

ಅವರು ಟಿ.ವಿ. ಹಾಕಿದರು. ಮಾತಿನಲ್ಲಿ ಸೋತಾಗಲೆಲ್ಲ ಅವರು ಮಾಡುವುದು ಅದನ್ನೇ.

ವಿಷಯ ಹೋಟೆಲಿಗೂ ಬಂತು. ಬಾಗಿಲ ಪಕ್ಕದ ಬೆಂಚು ಗಾಣದವರದ್ದಾಯಿತು: ಟ್ರಾಕ್ಟರಿನವರು, ಟಿಲ್ಲರಿನವರು, ಶುಂಠಿಯವರು. ಕಿಟಕಿ ಪಕ್ಕದ ಬೆಂಚು ಕೆರೆಯವರದ್ದು: ಮೀನು ಹಿಡಿಯುವವರು, ಬಟ್ಟೆ ಒಗೆಯುವವರ ಗಂಡಂದಿರು, ದನ ಇರುವವರು. ಎರಡೂ ಬೆಂಚಿಗೆ ಸೇರಬೇಕಾದವರೇ ಹೆಚ್ಚಾಗಿದ್ದರಿಂದ ಅವರು ನಿಂತುಕೊಂಡೇ ಟೀ ಕುಡಿದು ಹೋಗುತ್ತಿದ್ದರು. ನಿಜ ಹೇಳಬೇಕೆಂದರೆ ನನ್ನದೂ ಅದೇ ಗತಿ. ನನ್ನ ಅಡುಗೆಮನೆಯ ಗ್ರೈಂಡರು, ಮಗಳ ಕಾಲೇಜು ಎಲ್ಲ ನಡೆದಿದ್ದು ಪಂಪಿನ ಬಾಡಿಗೆಯಿಂದ. ಅದನ್ನು ಕಿಟಕಿ ಬೆಂಚಿನವರ ಮುಂದೆ ಹೇಳುತ್ತಿರಲಿಲ್ಲ, ಅಷ್ಟೆ.

ಗಾಣ ವಿಸ್ತರಿಸುವುದಕ್ಕೆ ಮುಂಚೆ ಜಿಲ್ಲೆಯಿಂದ ಅಧಿಕಾರಿಗಳು ಬಂದು ಊರವರ ಅಭಿಪ್ರಾಯ ಕೇಳುತ್ತಾರೆಂದು ಡಂಗುರವಾಯಿತು. ಸಭೆ ಸಮುದಾಯ ಭವನದಲ್ಲಿ. ಅಧಿಕಾರಿಗಳ ಊಟಕ್ಕೆ ಹೇಳಿದ್ದು ಸಾಹುಕಾರ. ಮಾಡಬೇಕಾದದ್ದು ನಾನು, ಏಕೆಂದರೆ ಆ ದಾರಿಯಲ್ಲಿ ಬೇರೆ ಹೋಟೆಲಿಲ್ಲ. ನನಗೆ ಆಗಲೇ ಉಪಾಯ ಹೊಳೆಯಿತು. ಮೀನು ಹಿಡಿಯುವವನಿಗೆ ಹೇಳಿ, ಗಾಣದ ದಡದ ಕಡೆಯಿಂದಲೇ ದಪ್ಪನೆಯ ಕಾಟ್ಲಾ ತರಿಸಿದೆ. ಹೆಚ್ಚು ಮಸಾಲೆ ಹಾಕಬಾರದು, ರುಚಿ ಮುಚ್ಚಿಹೋಗುತ್ತದೆ ಎಂದೂ ಲೆಕ್ಕ ಹಾಕಿದೆ. ಭಾಷಣ ಬೇಡ, ಒಂದು ತುತ್ತು ಸಾಕು ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಬಂದ ಹಿರಿಯ ಅಧಿಕಾರಿ ಒಬ್ಬ ಹೆಂಗಸು. ಬೆಳ್ಳನೆಯ ಬೂಟು, ಕಡಿಮೆ ಮಾತು. ಸಭೆಗೆ ಮುಂಚೆಯೇ ನಮ್ಮ ಹೋಟೆಲಿನಲ್ಲಿ ಊಟ. ನಾನೇ ಬಡಿಸಿದೆ. ಆಕೆ ಒಂದು ತುಂಡು ತಿಂದರು. ಕಾಯುತ್ತಿದ್ದೆ. ಇನ್ನೊಂದು ತಿಂದರು. ಸಾಹುಕಾರನಂತೂ ಮೂಳೆ ಚೀಪಿ, ‘ಅಕ್ಕಾ, ಇನ್ನೊಂದು ಹಾಕಿ’ ಎಂದ.

‘ಕೆರೆ ಮೀನಾ?’ ಎಂದು ಅಧಿಕಾರಿ ಕೇಳಿದರು.

‘ಹೌದು ಮೇಡಂ. ಇದೇ ಕೆರೇದು.’

‘ತುಂಬ ಫ್ರೆಶ್ ಇದೆ.’

ಸಾಹುಕಾರನ ಮುಖ ನೋಡಬೇಕಿತ್ತು. ಗಾಣದ ಬೋರ್ಡಿಗೆ ಬಲ್ಬು ಹಾಕಿದ ಹಾಗಿತ್ತು. ನಾನು ಅಡುಗೆಮನೆಗೆ ಓಡಿ ಪಾತ್ರೆಯ ತಳದಿಂದ ತುಂಡು ತೆಗೆದು ತಿಂದೆ. ಗ್ಯಾರೇಜಿಲ್ಲ, ಎಣ್ಣೆಯಿಲ್ಲ. ಅದು ಕಾಟ್ಲಾವೇ ಅಲ್ಲ. ಬಾಗಿಲ ಹಿಂದೆ ನನ್ನ ಗಂಡ ಮೆಣಸಿನಕಾಯಿ ಚೀಲ ಜೋಡಿಸುವ ನಾಟಕವಾಡುತ್ತ ನಿಂತಿದ್ದರು.

‘ಏನ್ ಮಾಡಿದ್ರಿ?’

‘ಮೆತ್ತಗೆ ಮಾತಾಡು. ಬೆಳಿಗ್ಗೆ ನೀನು ಅಕ್ಕಿ ತರೋಕೆ ಹೋಗಿದ್ದಾಗ ಕುಶಾಲನಗರ ಮಾರ್ಕೆಟ್‌ನಿಂದ ಅಂಜಲ್ ತಂದು ಕತ್ತರಿಸಿ, ನಿನ್ನ ಮಸಾಲೇಲೇ ಅದ್ದಿಟ್ಟೆ. ಅಧಿಕಾರಿಗಳು ಬರೋ ಗಡಿಬಿಡೀಲಿ ನೀನು ನೋಡ್ಲೇ ಇಲ್ಲ.’

‘ನನ್ನ ಮೀನು?’

‘ಹಿತ್ತಲ ಬಾಳೆ ಬುಡದಲ್ಲಿ ಹೂತಿದೀನಿ. ಮೊದ್ಲು ನಾಯಿಗೆ ಹಾಕ್ದೆ. ಮೂಸಿ ನೋಡಿ ಎದ್ದು ಹೋಯ್ತು.’

ನನಗೆ ಸೌಟು ಎತ್ತಿಕೊಳ್ಳುವಷ್ಟು ಸಿಟ್ಟು ಬಂದಿತ್ತು. ಅವರು ಕೈ ಹಿಡಿದುಕೊಂಡರು.

‘ಮೇಡಂಗೆ ವಾಂತಿ ಆಗಿದ್ರೆ ಗಾಣಕ್ಕೆ ಬೀಗ ಹಾಕ್ತಿರ್ಲಿಲ್ಲ ಕಣೇ. ನಿನ್ನ ಹೋಟ್ಲಿಗೆ ಹಾಕ್ತಿದ್ರು. ಒಂದ್ ಸಾರಿನಾದ್ರೂ ಯೋಚ್ನೆ ಮಾಡಿದ್ಯಾ?’

ಯೋಚನೆ ಮಾಡಿರಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ಗಂಡ ಹೇಳಿದ್ದು ಸರಿಯಾಗಿರುವುದಕ್ಕಿಂತ ಸಿಟ್ಟು ಬರಿಸುವ ಸಂಗತಿ ಲೋಕದಲ್ಲಿ ಇನ್ನೊಂದಿಲ್ಲ.

ಸಭೆಯಲ್ಲಿ ಸಾಹುಕಾರ ಮೊದಲು ಎದ್ದು, ಮೇಡಂ ಅವರೇ ಈಗ ತಾನೆ ನಮ್ಮ ಕೆರೆಯ ಮೀನು ತಿಂದು ಹೊಗಳಿದ್ದಾರೆ, ಕೆರೆ ಹೇಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಏಕೆ ಎಂದ. ಬಾಗಿಲ ಬೆಂಚಿನವರು ಚಪ್ಪಾಳೆ ತಟ್ಟಿದರು. ಆಗ ನನಗೆ ತಡೆಯಲಾಗಲಿಲ್ಲ. ಮಸಾಲೆ ಕೈಯಲ್ಲೇ ಮೈಕಿನ ಹತ್ತಿರ ಹೋದೆ.

‘ಮೇಡಂ, ನೀವು ತಿಂದಿದ್ದು ಅಂಜಲ್. ಸಮುದ್ರದ್ದು. ಕೆರೆ ಮೀನು ನಮ್ಮ ಹಿತ್ತಲಲ್ಲಿ ಹೂತಿದೆ. ನಮ್ಮ ನಾಯಿ ಸತ್ತ ಇಲಿ ತಿನ್ನುತ್ತೆ, ಅದನ್ನ ಮಾತ್ರ ತಿನ್ನಲಿಲ್ಲ. ಬೇಕಿದ್ರೆ ಅಗೆದು ತೋರಿಸ್ತೀನಿ.’

ನಗು ಎದ್ದಿತು. ಕೊನೆಯ ಸಾಲಿನಲ್ಲಿ ನನ್ನ ಗಂಡ ಮುಂದಿದ್ದವನ ಬೆನ್ನಿನ ಹಿಂದೆ ಕುಗ್ಗಿ ಕೂತರು.

‘ಮತ್ತೆ ನಿಮಗೆ ಏನು ಬೇಕು? ಮುಚ್ಚಬೇಕಾ?’ ಎಂದರು ಅಧಿಕಾರಿ.

ಅಲ್ಲಿಗೆ ಬರುವವರೆಗೂ ನನಗೆ ಏನು ಬೇಕೆಂದು ನನಗೇ ಸ್ಪಷ್ಟವಿರಲಿಲ್ಲ. ಕಿಟಕಿ ಬೆಂಚಿನವರು ‘ಮುಚ್ಚಿ ಅನ್ನು, ಮುಚ್ಚಿ ಅನ್ನು’ ಎಂದು ಪಿಸುಗುಟ್ಟುತ್ತಿದ್ದರು.

‘ಮುಚ್ಚಿ ಅಂತ ನಾನು ಹೇಳಲ್ಲ ಮೇಡಂ. ನಮ್ಮನೆ ಅರ್ಧ ಸಂಸಾರ ಆ ಎಣ್ಣೇಲೇ ಓಡೋದು. ಇನ್ನರ್ಧ ಈ ಕೆರೇಲಿ. ದೊಡ್ಡದು ಮಾಡ್ಕೊಳ್ಳಲಿ, ಚಿಕ್ಕದು ಮಾಡ್ಕೊಳ್ಳಲಿ. ಮೊದ್ಲು ಹಿಂದಿನ ಗೋಡೆ ತೂತು ಮುಚ್ಚಲಿ. ಡ್ರಮ್ ತೊಳೆದ ನೀರು ಅವರ ಜಾಗದಲ್ಲೇ ಇರಲಿ.’

ಎರಡೂ ಬೆಂಚಿನವರಿಗೆ ಬೇಸರವಾಯಿತು. ಕೆರೆಯವರಿಗೆ ನಾನು ಗಂಡನ ಪಕ್ಷ, ಗಾಣದವರಿಗೆ ನಾನು ಮೀನಿನ ಪಕ್ಷ.

ಅಧಿಕಾರಿ ಗೋಡೆ ನೋಡಬೇಕೆಂದು ಎದ್ದರು. ಸಾಹುಕಾರ ‘ಆ ಕಡೆ ಹಾವು ಇದಾವೆ ಮೇಡಂ’ ಎಂದ. ‘ಪರವಾಗಿಲ್ಲ’ ಎಂದು ಆಕೆ ಬೆಳ್ಳನೆಯ ಬೂಟಿನಲ್ಲಿ ನಡೆದೇ ಬಿಟ್ಟರು. ಕಾಲುವೆಯ ಅಂಚಿನಲ್ಲಿ ಒಣಗಿದಂತೆ ಕಾಣುತ್ತಿದ್ದ ನೆಲದ ಮೇಲೆ ಕಾಲಿಟ್ಟರು. ಕಾಲು ಮೊಣಕಾಲಿನವರೆಗೆ ಹೋಯಿತು. ನಾನೂ ಸಾಹುಕಾರನೂ ಒಂದೊಂದು ತೋಳು ಹಿಡಿದು ಎಳೆದೆವು. ಕಾಲು ಬಂತು. ಬೂಟು ಬರಲಿಲ್ಲ. ಸಾಹುಕಾರ ತೋಳು ಮಡಚಿ ಕೆಸರಿಗೆ ಕೈ ಹಾಕಿ ಹುಡುಕಿ ತೆಗೆದ. ಯಾರೂ ನಗಲಿಲ್ಲ, ನಗು ತಡೆದುಕೊಳ್ಳುವುದಕ್ಕೆ ಊರವರು ಪಟ್ಟ ಪಾಡು ನಾನು ಮತ್ತೆಂದೂ ನೋಡಿಲ್ಲ. ಆಕೆ ಒಂದೇ ಮಾತು ಕೇಳಿದರು: ‘ಇದು ಮಳೆ ನೀರಾ?’

ಅಪ್ಪಣೆ ಬಂತು, ಆದರೆ ಅರ್ಧ. ಮೊದಲು ತೂತು ಮುಚ್ಚಬೇಕು, ಎಣ್ಣೆ ಬೇರೆ ಮಾಡುವ ಸಿಮೆಂಟಿನ ತೊಟ್ಟಿ ಕಟ್ಟಬೇಕು, ಕಾಲುವೆಯ ಕೆಸರು ಎತ್ತಿ ಸಾಗಿಸಬೇಕು. ಅದೆಲ್ಲ ಆಗುವವರೆಗೆ ಬಾಯ್ಲರ್ ಹಚ್ಚುವಂತಿಲ್ಲ. ಆಮೇಲಷ್ಟೇ ಎರಡನೆಯದು.

ಕೆಲಸ ಎಳೆಯುತ್ತಾ ಹೋಗಿ ಸರಿಯಾಗಿ ಹೂಮಳೆಯ ಕಾಲಕ್ಕೆ ಬಂದು ನಿಂತಿತು. ಆ ವರ್ಷ ಹೂಮಳೆಯೂ ಕೈಕೊಟ್ಟಿತು. ಎಲ್ಲರಿಗೂ ನೀರು ಬೇಕು, ಗಾಣದಲ್ಲಿ ಒಂದು ಹನಿ ಎಣ್ಣೆಯಿಲ್ಲ. ಗಂಡ ಬಂಕಿನ ಡೀಸೆಲ್ಲನ್ನೇ ಹಾಕಿ ಬಾಡಿಗೆ ಏರಿಸಿದರು. ರೈಟರ್‌ಗಳು ಅತ್ತೆಯ ಮಂಡಿನೋವು ಮರೆತರು. ಬಾಗಿಲ ಬೆಂಚು ಖಾಲಿಯಾಯಿತು. ಅವರು ಟೀಗೆ ಶಿರಂಗಾಲದವರೆಗೆ ಹೋಗುತ್ತಿದ್ದರು, ಆ ದೂರಕ್ಕೆ ಸುಡುವ ಪೆಟ್ರೋಲಿನ ಲೆಕ್ಕ ಯಾರೂ ಎತ್ತಲಿಲ್ಲ. ಒಂದು ದಿನ ಯಾರೋ ಹೋಟೆಲಿನ ಮುಂದೆಯೇ ಗಂಡನನ್ನು ತಡೆದು, ‘ನಿಮ್ ಹೆಂಡ್ತಿ ಬಾಯಿಂದ ನಮ್ ತೋಟ ಒಣಗ್ತಿದೆ ಕಣ್ರೀ’ ಎಂದರು. ಒಳಗಿದ್ದ ನಾನು ಕೈಲಿದ್ದ ಕೆಲಸ ನಿಲ್ಲಿಸಿ ಕಿವಿಗೊಟ್ಟೆ.

‘ಬಾಯಿ ಅವಳದ್ದು, ಅದ್ನ ನಾನೇ ಇಷ್ಟು ವರ್ಷ ತಡ್ಕೊಂಡಿದೀನಿ,’ ಎಂದರು ಗಂಡ. ‘ಕೆಸರು ಅವಳು ಹಾಕಿದ್ದಲ್ಲ.’

ಅಷ್ಟು ಒಳ್ಳೆಯ ಮಾತನ್ನು ಅವರು ನನ್ನ ಮುಂದೆ ಎಂದೂ ಆಡಿಲ್ಲ; ಅಂದೂ ನನ್ನ ಮುಂದೆ ಆಡಲಿಲ್ಲ. ರಾತ್ರಿ ಊಟಕ್ಕೆ ಒಂದು ಮೊಟ್ಟೆ ಹೆಚ್ಚಿಗೆ ಹಾಕಿದೆ.

ಗಾಣ ಮತ್ತೆ ಶುರುವಾಯಿತು. ತೊಟ್ಟಿ ಕಟ್ಟಿದ ಖರ್ಚನ್ನು ಸಾಹುಕಾರ ಎಣ್ಣೆಯ ಬೆಲೆಗೇ ಸೇರಿಸಿದ. ಈಗ ಅದು ಬಂಕಿಗಿಂತ ಅಗ್ಗ ಹೌದು, ಹೌದೆನ್ನಲು ಮಾತ್ರ ಹೌದು. ಎರಡನೆಯ ಬಾಯ್ಲರೂ ಬಂದಿದೆ. ನೀರಿನ ಮೇಲಿನ ಬಣ್ಣದ ಪೊರೆ ಒಂದು ಮಳೆಗಾಲ ಕಳೆದ ಮೇಲೆ ತೆಳುವಾಯಿತು. ಪೂರ್ತಿ ಹೋಗಿದೆ ಎಂದು ನಾನು ಪ್ರಮಾಣ ಮಾಡಲಾರೆ. ತೊಟ್ಟಿ ತುಂಬಿದಾಗ ಟ್ಯಾಂಕರ್ ಬಂದು ಒಯ್ಯುತ್ತದೆ, ಎಲ್ಲಿಗೆ ಎಂದು ಕೇಳಿದರೆ ಸಾಹುಕಾರ ‘ದೂರ ಅಕ್ಕಾ’ ಎನ್ನುತ್ತಾನೆ. ಆ ದೂರದಲ್ಲಿ ಯಾರ ಕೆರೆ ಇದೆಯೋ.

ಬಾಗಿಲ ಬೆಂಚಿನವರು ಒಬ್ಬೊಬ್ಬರಾಗಿ ವಾಪಸು ಬಂದರು. ಹೋದ ತಿಂಗಳು ಮೀನು ಹಿಡಿಯುವವನು ಒಂದು ಕಾಟ್ಲಾ ತಂದು ಹಲಗೆಯ ಮೇಲೆ ಇಟ್ಟು, ‘ಈಗ ನೋಡು’ ಎಂದ. ನಾನು ಬರೀ ಉಪ್ಪು ಹಾಕಿ ಬೇಯಿಸಿದೆ. ಮಾರುವುದಕ್ಕೆ ಧೈರ್ಯವಿರಲಿಲ್ಲ. ನಾನು, ಗಂಡ, ಅತ್ತೆ ಮೂವರೂ ಕೂತು ತಿಂದೆವು. ಅತ್ತೆ ಚೆನ್ನಾಗಿದೆ ಅಂದರು. ಗಂಡ ಇನ್ನೂ ಏನೋ ವಾಸನೆ ಇದೆ ಅಂದರು. ನಾನು ಇನ್ನೊಂದು ತುಂಡು ಹಾಕಿಕೊಂಡು, ಯಾರು ಹೇಳಿದ್ದು ಸರಿ ಎಂದು ತಿಳಿಯಲು ನಿಧಾನವಾಗಿ ಅಗಿಯುತ್ತಾ ಕೂತೆ.