ಉಂಡ ಮ್ಯಾಲ ಹೇಳೋಣು

ನನ್ನ ಗಂಡನ ಅಣ್ಣನ ಹೆಂಡತಿ ಕಾಶವ್ವ. ಆಕೆಯ ಕಥೆ ಹೇಳುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಆಕೆಗೂ ನನಗೂ ಎಷ್ಟೋ ವರ್ಷ ಒಂದೇ ಅಡಿಗೆಮನೆ, ಆದರೆ ಒಂದು ದಿನವೂ ಪೂರ್ತಿ ಹೊಂದಿಕೆ ಆಗಲಿಲ್ಲ. ಆಕೆ ಹಾಕಿದ ಉಪ್ಪು ನನಗೆ ಹೆಚ್ಚು, ನಾನು ಕೊಟ್ಟ ಒಗ್ಗರಣೆ ಆಕೆಗೆ ಕಡಿಮೆ. ಹಾಗಂತ ಬೇರೆ ಯಾರಾದರೂ ಆಕೆಯ ಬಗ್ಗೆ ಹಗುರಾಗಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಇದನ್ನು ನಾನೇ ಹೇಳುವುದು ಒಳ್ಳೆಯದು.

ನಮ್ಮದು ಗೋಕಾಕ ಕಡೆಯ ಮನೆತನ. ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯಲ್ಲಿ ಮೇಲೆ ಮನೆ, ಕೆಳಗೆ ಬ್ಯಾಡಗಿ ಮೆಣಸಿನಕಾಯಿ ಮತ್ತು ಬೆಲ್ಲದ ಅಂಗಡಿ. ಅಂಗಡಿ ನಡೆಸುತ್ತಿದ್ದವರು ಕಾಶವ್ವನ ಗಂಡ ಕಾಡಪ್ಪ ಮತ್ತು ನನ್ನ ಗಂಡ ಸದಾನಂದ. ಕಾಶವ್ವನಿಗೆ ಮಕ್ಕಳಾಗಲಿಲ್ಲ, ನನ್ನ ಮಗಳು ರೇಣುವೇ ಇಬ್ಬರಿಗೂ ಮಗಳು. ಮಾಲು ತರಲು ಹೋದ ಭಾವನವರು ನಿಪ್ಪಾಣಿಯ ಹತ್ತಿರ ಲಾರಿ ಮಗುಚಿ ತೀರಿಕೊಂಡರು. ಸುದ್ದಿ ಮೊದಲು ನಮ್ಮವರಿಗೆ ಮುಟ್ಟಿತು. ಅವರು ಮೇಲೆ ಬಂದು, “ಅಣ್ಣಗ ಪೆಟ್ಟಾಗೇದ ವೈನಿ, ಸೀರಿಯಸ್ ಅದ. ಹೋಗೋಣು, ಮೊದಲ ಎರಡು ತುತ್ತು ಉಣ್ರಿ” ಎಂದು ಆಕೆಯನ್ನು ಕೂರಿಸಿ ಉಣಿಸಿದರು. ಕೈ ತೊಳೆದ ಮೇಲೆಯೇ ನಿಜ ಹೇಳಿದ್ದು.

ನಮ್ಮಲ್ಲಿ ಹಾಗೇ. ಸಾವನ್ನು ಯಾರೂ ಬಾಯಿಬಿಟ್ಟು ಹೇಳಿ ಕಳಿಸುವುದಿಲ್ಲ. ತಾರು ಬರುತ್ತಿದ್ದ ಕಾಲದಿಂದಲೂ ‘ಸೀರಿಯಸ್, ಕೂಡಲೇ ಬಾ’ ಎಂದರೆ ಎಲ್ಲ ಮುಗಿದಿದೆ ಎಂದು ಮನೆಯ ಮಂದಿ ತಿಳಿದುಕೊಳ್ಳುತ್ತಾರೆ. ಹಸಿದ ಹೊಟ್ಟೆಗೆ ಆ ಸುದ್ದಿ ಹಾಕುವುದೂ ಇಲ್ಲ, ಆಮೇಲೆ ಗಂಟಲಲ್ಲಿ ನೀರು ಸಹ ಇಳಿಯುವುದಿಲ್ಲವಲ್ಲ. “ಆವತ್ತ ಮೈದುನ ಉಣಿಸಿದ್ದಕ್ಕ ನಾ ಜೀವ ಹಿಡಕೊಂಡು ಉಳದೆ” ಎಂದು ಕಾಶವ್ವ ಎಷ್ಟೋ ಸಲ ಹೇಳುತ್ತಿದ್ದಳು.

ಗಂಡ ಹೋದ ಮೇಲೆ ಆಕೆ ಮಂಕಾಗಿಬಿಟ್ಟಳು. ನಾನು ಜಗಳ ತೆಗೆದರೂ ಜಗಳವಾಡುತ್ತಿರಲಿಲ್ಲ, ಅದು ನನಗೆ ಇನ್ನೂ ಕಷ್ಟ. ಆಗ ನಮ್ಮ ಅಂಗಡಿಯ ಗಿರಾಕಿ ಮಧುಕರರಾವ್ ಒಂದು ಮಾತು ತೆಗೆದರು. ಅವರು ಧಾರವಾಡದವರು, ಹವಾಮಾನ ಸಂಶೋಧನೆಯ ಒಂದು ಸಂಸ್ಥೆಯಲ್ಲಿ ಅಧಿಕಾರಿ. “ದೇಶದೇಶದಿಂದ ಹುಡುಗ ವಿಜ್ಞಾನಿಗಳು ನಮ್ಮಲ್ಲಿ ಬರ್ತಾರ್ರಿ, ನಮ್ಮವರು ಅಲ್ಲಿ ಹೋಗ್ತಾರ, ಹಂಗೊಂದು ಒಪ್ಪಂದ ಅದ. ಗೆಸ್ಟ್‌ ಹೌಸ್ ತುಂಬೇದ. ನಾಕು ತಿಂಗಳು ಇಟಗೊಳ್ಳೋ ಒಳ್ಳೆ ಮನಿ ಬೇಕಾಗೇದ” ಎಂದರು. ನಮ್ಮವರು ತಲೆ ಕೆರೆದುಕೊಳ್ಳುತ್ತಿದ್ದರು. ಒಳಗಿನಿಂದ ಕಾಶವ್ವ, “ನನ್ನ ಖೋಲಿ ಖಾಲಿ ಅದ, ಕಳಸ್ರಿ” ಅಂದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ವಾರವಿಡೀ ಗೊಣಗಿದೆ.

ಮೊದಲು ಬಂದವನು ಕೀನ್ಯಾದ ಕಿಮಾನಿ. ನಮ್ಮ ಮನೆಯಲ್ಲಿ ಅವನು ಕಾಮಣ್ಣನಾದ. ಆಮೇಲೆ ಹಂಗೇರಿಯ ಹುಡುಗಿಯೊಬ್ಬಳು ಬಂದಳು, ರೊಟ್ಟಿ ಬಡಿಯುತ್ತೇನೆಂದು ಹಟ ಹಿಡಿದು ಮಹಾರಾಷ್ಟ್ರದ ನಕಾಶೆ ಬಡಿದಳು. ಹೀಗೆ ವರ್ಷಕ್ಕೊಬ್ಬರು. ಇಂಗ್ಲಿಷಿನ ಒಂದಕ್ಷರ ಬಾರದ ಕಾಶವ್ವ ಅವರ ತಾಯಂದಿರಿಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎನ್ನುವುದನ್ನೂ ತಿಳಿದುಕೊಳ್ಳುತ್ತಿದ್ದಳು. ಮತ್ತೆ ನನ್ನ ಜೊತೆ ಜಗಳವಾಡಲು ಶುರು ಮಾಡಿದಳು. ನನಗೆ ಎಷ್ಟು ಸಮಾಧಾನವಾಯಿತೆಂದು ಆಕೆಗೆ ಯಾವತ್ತೂ ಹೇಳಲಿಲ್ಲ.

ತೊಂಬತ್ತೊಂಬತ್ತರಲ್ಲಿ ಮಂಗೋಲಿಯಾದಿಂದ ಸರ್ನಾಯ್ ಬಂದಳು. ಧೂಳಿನ ಬಿರುಗಾಳಿ ಹೇಗೆ ಏಳುತ್ತದೆ ಎನ್ನುವುದು ಅವಳ ಅಭ್ಯಾಸದ ವಿಷಯ. ಕಾಶವ್ವ ಅವಳನ್ನು ಸರೋಜಾ ಎಂದಳು, ಅವಳೂ ಆ ಹೆಸರಿಗೆ ಓಗೊಟ್ಟಳು. ನಮ್ಮದು ಲಿಂಗವಂತರ ಮನೆ, ಆ ಹುಡುಗಿಗೆ ಮಾಂಸವಿಲ್ಲದೆ ನಡೆಯದು. ಹೊರಗೆ ತಿಂದುಬಂದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಿದ್ದಳು. “ತಿನ್ನವ್ವಾ, ನಿನ್ನ ಪಾಲಿಂದು ನೀ ತಿನ್ನು. ಹಲ್ಲ ತಿಕ್ಕೊಂಡು ಒಳಗ ಬಾ” ಎನ್ನುತ್ತಿದ್ದಳು ಕಾಶವ್ವ. ಭಾನುವಾರ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಸರ್ನಾಯ್‌ಗೆ ಮಾತೆತ್ತಿದರೆ ಅಪ್ಪನದೇ ಸುದ್ದಿ. ಅವನು ಕಲ್ಲಿದ್ದಲ ಲಾರಿಯ ಡ್ರೈವರು. ಇಷ್ಟು ದೂರ ಬೇಡವೆಂದು ಮನೆಯವರೆಲ್ಲ ಅಂದಾಗ, ಹೋಗಿ ಬಾ ಎಂದವನು ಅವನೊಬ್ಬನೇ ಅಂತೆ.

ಆಗಸ್ಟಿನ ಒಂದು ಸಂಜೆ ಫೋನು ಬಂತು. ರೇಣು ಎತ್ತಿಕೊಂಡಳು, ಆಗ ಅವಳು ಕಾಲೇಜಿನಲ್ಲಿದ್ದಳು. ಆ ಕಡೆ ಸರ್ನಾಯಳ ಅಣ್ಣ. ಅವನ ಇಂಗ್ಲಿಷೂ ಅಷ್ಟಕ್ಕಷ್ಟೇ, ನಮ್ಮವಳದ್ದೂ ಅಷ್ಟಕ್ಕಷ್ಟೇ. ಅಪ್ಪ ಆಸ್ಪತ್ರೆಯಲ್ಲಿದ್ದಾನೆ, ತುಂಬ ಸೀರಿಯಸ್, ತಂಗಿ ಬಂದ ಕೂಡಲೇ ಈ ನಂಬರಿಗೆ ಫೋನು ಮಾಡಲಿ ಅಂದನಂತೆ. ರೇಣು ನಂಬರು ಬರೆದುಕೊಂಡು ನಮಗೆ ಹೇಳಿದಳು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

“ಹೋದ, ಪಾಪ” ಎಂದಳು ಕಾಶವ್ವ.

“ಹೋಗ್ಯಾನ. ಇಲ್ಲಂದ್ರ ಅಷ್ಟು ದೂರದಿಂದ ಫೋನ್ ಯಾಕ ಮಾಡ್ತಾರ?” ಎಂದರು ಮೇಲೆ ಬಂದ ನಮ್ಮವರು.

ಆ ಮನುಷ್ಯ ಇನ್ನೂ ಬದುಕಿರಬಹುದು ಎನ್ನುವುದು ನಮ್ಮ ಮನೆಯ ಒಂದು ಜೀವಕ್ಕೂ ಹೊಳೆಯಲಿಲ್ಲ. ದೇವರಾಣೆಗೂ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಸರ್ನಾಯ್ ಮಳೆಯಲ್ಲಿ ನೆನೆದುಕೊಂಡು ಬಂದಳು. ಅವಳ ಲೆಕ್ಕಾಚಾರವನ್ನು ದೊಡ್ಡ ವಿಜ್ಞಾನಿಯೊಬ್ಬರು ಮೆಚ್ಚಿದ್ದರಂತೆ, ಮುಖ ಅರಳಿತ್ತು. ಆ ಗಡಿಬಿಡಿಯಲ್ಲಿ ಮಧ್ಯಾಹ್ನ ಉಂಡೇ ಇಲ್ಲ ಎಂದು ಹೊಟ್ಟೆ ಮುಟ್ಟಿ ತೋರಿಸಿದಳು. ರೇಣು ಬಾಯಿ ತೆರೆಯುವುದರೊಳಗೆ ಕಾಶವ್ವ ಅವಳ ಕೈ ಹಿಡಿದಳು. “ಈಗ ಬ್ಯಾಡ. ಹೊಟ್ಟಿ ಹಸದ ಬಂದದ ಕೂಸು. ಉಂಡ ಮ್ಯಾಲ ಹೇಳೋಣು.”

ಬಿಸಿ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ಸರ್ನಾಯ್ ಕೈಬೀಸಿ ಬೀಸಿ ಆ ದಿನದ ಕಥೆ ಹೇಳುತ್ತ ಉಂಡಳು. ಕಾಶವ್ವ ಎದುರಿಗೆ ಕುಳಿತು ಅರ್ಥವಾಗದ್ದಕ್ಕೂ ಗೋಣು ಹಾಕಿದಳು. ನಡುವೆ ಪಡಸಾಲೆಯಲ್ಲಿ ಮತ್ತೆ ಫೋನು ರಿಂಗಾಯಿತು. ಅದೇ ಅಣ್ಣ. ತಂಗಿ ಬಂದಳೇ ಎಂದು ಕೇಳಿದ. ರೇಣು ರಿಸೀವರು ಮುಚ್ಚಿಕೊಂಡು ಅಡಿಗೆಮನೆಯ ಕಡೆ ನೋಡಿದಳು. ನಾನು ಒಳಗೆ ಹೋಗಿ ಕಾಶವ್ವನ ಕಿವಿಯಲ್ಲಿ ಹೇಳಿದೆ.

“ಉಣ್ಣಾಕತ್ತಾಳ ಅನ್ನು. ಈಗ ಮಾಡ್ತಾಳ ಅಂತ ಹೇಳು” ಎಂದಳು. ರೇಣು ಹಾಗೇ ಹೇಳಿ ಫೋನು ಇಟ್ಟಳು. ಸರ್ನಾಯ್ ಸಾಕೆಂದು ಗಂಗಾಳದ ಮೇಲೆ ಕೈ ಅಡ್ಡ ಹಿಡಿದರೂ ಬಿಡದೆ ಕಾಶವ್ವ ಇನ್ನೊಂದು ರೊಟ್ಟಿ ಹಾಕಿ ಬೆಣ್ಣೆ ಇಟ್ಟಳು.

ಕೈ ತೊಳೆದ ಮೇಲೆ ರೇಣು ಫೋನಿನ ಸುದ್ದಿ ಹೇಳಿದಳು. ಹುಡುಗಿ ಚಪ್ಪಲಿ ಮೆಟ್ಟದೆ ಓಡಿದಳು. ನಮ್ಮ ಫೋನಿನಿಂದ ಪರದೇಶಕ್ಕೆ ಮಾತಾಡಲು ಬರುತ್ತಿರಲಿಲ್ಲ, ಮೂಲೆಯ ಅವಧೂತನ ಟೆಲಿಫೋನ್ ಬೂತಿಗೇ ಹೋಗಬೇಕು. ನಾನೂ ರೇಣುವೂ ಹಿಂದೆ ಓಡಿದೆವು. ಗಾಜಿನ ಆಚೆ ಅವಳು ಜೋರಾಗಿ ಮಾತಾಡುತ್ತಿದ್ದಳು, ಆಮೇಲೆ ಸುಮ್ಮನಾದಳು. ಹೊರಗೆ ಬಂದು, “ಈಗ ಹೋದನಂತೆ. ಈಗಷ್ಟೇ” ಎಂದಳು. ಮೊದಲ ಫೋನು ಯಾವಾಗ ಬಂತು ಎಂದು ಕೇಳಿದಳು. ರೇಣು ಅಳುತ್ತ ಹೇಳಿದಳು.

ಅವಳು ಕೂಗಾಡಲಿಲ್ಲ. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಟಿಕೆಟ್ಟು ಸಿಗುವತನಕ ನಮ್ಮ ಮನೆಯಲ್ಲೇ ಇದ್ದಳು, ಒಂದು ತುತ್ತು ಉಣ್ಣಲಿಲ್ಲ. ಕಾಶವ್ವ ಹೊತ್ತುಹೊತ್ತಿಗೆ ಖೋಲಿಯ ಬಾಗಿಲಲ್ಲಿ ಗಂಗಾಳ ಇಡುವುದು, ಹಾಗೇ ಎತ್ತಿಕೊಂಡು ಬರುವುದು. ನಮ್ಮಲ್ಲಿ ಹೀಗೆ ಹೀಗೆ ರೂಢಿ, ಅಪ್ಪ ಆಗಲೇ ಹೋಗಿದ್ದಾನೆಂದೇ ತಿಳಿದೆವು ಎಂದು ರೇಣು ತಿಳಿಸಿ ಹೇಳಿದಳು. ಸರ್ನಾಯ್ ಕೇಳಿಸಿಕೊಂಡು ಮುಖ ಆ ಕಡೆ ತಿರುಗಿಸಿದಳು. ಹೋಗುವಾಗ ಕಾಶವ್ವನ ಕಡೆ ನೋಡಲಿಲ್ಲ.

ಮರುವರ್ಷ ಮಧುಕರರಾವ್ ಬಂದಾಗ ಕಾಶವ್ವ, “ನನ್ನ ಕೈಯಾಗಿನ ಅನ್ನ ಯಾರಿಗೂ ಬ್ಯಾಡ್ರಿ” ಎಂದು ಒಳಗೆ ಹೋದಳು. ಅಂದಿನಿಂದ ಆ ಖೋಲಿಗೆ ಯಾರೂ ಬರಲಿಲ್ಲ. ನಾನು ಆಕೆಯನ್ನು ಸಮಾಧಾನ ಮಾಡಲೆಂದು, “ಯಕ್ಕಾ, ಅಂಥಾ ಹೊತ್ತಿನಾಗ ಆ ಹುಡುಗಿ ಅಪ್ಪಗ ಪ್ರಜ್ಞೆ ಎಲ್ಲಿರತದ? ಮಗಳು ಮಾತಾಡಿದ್ರೂ ತಿಳೀತಿರಲಿಲ್ಲ” ಎಂದೆ. ಯಾರೂ ನನಗೆ ಹಾಗಂತ ಹೇಳಿರಲಿಲ್ಲ, ಬಾಯಿಗೆ ಬಂತು, ಅಂದೆ. ಆಕೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಕ್ಕಿ ಹಸನು ಮಾಡುತ್ತ ಇದ್ದಕ್ಕಿದ್ದ ಹಾಗೆ, “ಅವಗ ಪ್ರಜ್ಞೆ ಇರಲಿಲ್ಲ, ಹೌದಲ್ಲ?” ಎಂದು ಕೇಳುವಳು. “ಇರಲಿಲ್ಲ ಯಕ್ಕಾ” ಎನ್ನುತ್ತಿದ್ದೆ. ಸತ್ತವರ ಹಿಂದೆ ಸಾಯಲಿಕ್ಕಾಗುತ್ತದೆಯೇ? ಹೀಗೆ ವರ್ಷಗಳು ಹೋದವು.

ಎರಡು ಸಾವಿರದ ಆರರಲ್ಲಿ ಸರ್ನಾಯ್ ಬಂದಳು. ಯಾವುದೋ ಸಭೆಗೆಂದು ಪುಣೆಗೆ ಬಂದು ಖರಾಡಿಯ ಹೋಟೆಲಿನಲ್ಲಿ ಇಳಿದಿದ್ದಳಂತೆ. ಮೈ ತುಂಬಿಕೊಂಡಿದ್ದಳು. ಮದುವೆಯಾಗಿ ಕೋಥರೂಡದಲ್ಲಿದ್ದ ರೇಣುವನ್ನೂ ಕರೆಸಿದೆವು. ಕಾಶವ್ವನಿಗೆ ಆಗ ಏಳಲಾಗುತ್ತಿರಲಿಲ್ಲ, ಮಂಚವೇ ಗತಿ. ಸರ್ನಾಯ್ ಮಂಚದ ಮೇಲೆ ಕುಳಿತು ಆಕೆಯ ಎರಡೂ ಕೈ ಹಿಡಿದುಕೊಂಡಳು.

ಅವಳು ಹೇಳಿದ್ದನ್ನು ರೇಣು ತುಣುಕು ತುಣುಕಾಗಿ ಕನ್ನಡದಲ್ಲಿ ಹೇಳಿದಳು. “ನಿಮ್ಮ ಮ್ಯಾಲ ಭಾಳ ದಿನ ಸಿಟ್ಟಿತ್ತಂತ, ದೊಡ್ಡವ್ವಾ. ಹೋದ ವರ್ಷ ಅವರಣ್ಣ ಒಂದು ಮಾತು ಹೇಳಿದನಂತ, ಅದನ್ನ ಹೇಳಾಕಂತನ ಬಂದಾಳ. ಆವತ್ತ ಫೋನಿನ ವೈರ್ ಮುಟ್ಟಲಿ ಅಂತ ಅವರಪ್ಪನ ಮಂಚ ನರ್ಸಿನ ಟೇಬಲ್ ತನಕ ಎಳದಿದ್ರಂತ. ಮಗಳು ಮನೀಗೆ ಬಂದಳೇನು ಅಂತ ಮತ್ತ ಮತ್ತ ಕೇಳತಿದ್ದನಂತ. ಎರಡನೇ ಸಲ ಫೋನ್ ಮಾಡಿ ಅಣ್ಣ, ಉಣ್ಣಾಕತ್ತಾಳಂತ ಅಂದಾಗ ಅವರಪ್ಪ ನಕ್ಕನಂತ. ಪರದೇಶದಾಗ ನನ್ನ ಮಗಳಿಗೆ ಯಾರೋ ಕುಂಡ್ರಿಸಿ ಉಣಸಾಕತ್ತಾರ, ಎಬ್ಬಸಬ್ಯಾಡ, ಉಣ್ಣಲಿ, ಅಂದನಂತ.”

ಸರ್ನಾಯ್ ಅಳುತ್ತಲೇ ನಕ್ಕಳು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಂತೂ ನಮ್ಮ ಕಾಶವ್ವನ ಎದೆಯ ಮೇಲಿನ ಕಲ್ಲು ಇಳಿಯಿತಲ್ಲ ಎಂದುಕೊಂಡೆ.

ಕಾಶವ್ವ ಅಳಲಿಲ್ಲ. ಸರ್ನಾಯಳ ಕಡೆ ನೋಡದೆ ನನ್ನ ಕಡೆ ನೋಡಿದಳು.

“ಹಂಗಾದ್ರ ಅಂವ ಮಾತಾಡತಿದ್ದ” ಎಂದಳು.

ನಾನು ಬಗ್ಗಿ ಆಕೆಯ ಹೊದಿಕೆ ಸರಿಮಾಡಿದೆ. ಆಕೆ ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ.

“ನಕ್ಕನಂತ. ಮಾತಾಡಿದನಂತ. ಅಪ್ಪ ಮಗಳು ಇಬ್ಬರೂ ಮಾತಾಡಬಹುದಿತ್ತು.”

ಆಕೆ ಏನೆಂದಳು ಎಂದು ಸರ್ನಾಯ್ ಆಸೆಯಿಂದ ರೇಣುವನ್ನು ಕೇಳಿದಳು. ರೇಣು ಗಳಿಗೆ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ, ದೊಡ್ಡಮ್ಮನಿಗೆ ಬಹಳ ಸಮಾಧಾನವಾಯಿತಂತೆ ಎಂದಳು. ಸರ್ನಾಯ್ ಆಕೆಯ ಹಣೆಗೆ ಮುತ್ತಿಟ್ಟು ಹೋದಳು. ಕಾಶವ್ವ ಇನ್ನೂ ಒಂದು ಮಳೆಗಾಲ ಬದುಕಿದ್ದಳು. ಅವನಿಗೆ ಪ್ರಜ್ಞೆ ಇರಲಿಲ್ಲ ಹೌದಲ್ಲ ಎಂದು ನನ್ನನ್ನು ಮತ್ತೆ ಯಾವತ್ತೂ ಕೇಳಲಿಲ್ಲ.